ಎತ್ತಿದ ಕಾಲು

ಕಿರ್... ಕಿರ್...

ನಡುರಾತ್ರಿಯ ಸಣ್ಣ ಸದ್ದಿಗೆ ಸಿನಿಮಾ ಮೇಡಂ ಕಿವಿ ನಿಮಿರಿಸಿದರು.

"ಇಲಿ ಇರ್ಬೇಕು, ಮಲ್ಕೋ," ಎಂದು ಗಂಡ ಮಗ್ಗುಲಾದರು.

ಮಲಗುವುದು ಹೇಗೆ? ಬೆಳಗಾದರೆ ಕಾಲೇಜಿನಲ್ಲಿ ಜಪಾನಿ ಅನಿಮೇಷನ್ ಚರಿತ್ರೆಯ ಬಗ್ಗೆ ಉಪನ್ಯಾಸ. ಕೇಳಲು ಬರುವ ಹಿರಿಯ ವಿಮರ್ಶಕರು ಮೆಚ್ಚಿದರೆ ಕೆಲಸ ಕಾಯಂ. ಇಲ್ಲವಾದರೆ ಅದು 'ಹೌದುಸಾರ್' ಪಾಲಿಗೆ. ಯಾರು ಏನೆಂದರೂ ಹೌದೆನ್ನುವ ಸಹೋದ್ಯೋಗಿಗೆ ವಿದ್ಯಾರ್ಥಿಗಳು ಇಟ್ಟ ಹೆಸರದು.

ಜಪಾನಿಯರು ಖರ್ಚು ಉಳಿಸಲು ಕಡಿಮೆ ಚಿತ್ರ ಬರೆದರು, ಬಾಯಿಯಷ್ಟೇ ಆಡಿಸಿದರು, ನಾವು ಅದನ್ನೇ ಕಲೆಯೆಂದು ಕೊಂಡಾಡಿದೆವು ಎಂಬುದು ಮೇಡಂ ವಾದ. ವಿಮರ್ಶಕರಾದರೋ ಆ ನಿಶ್ಚಲತೆಯನ್ನು ಹೊಗಳಿಯೇ ಹೆಸರು ಮಾಡಿದವರು. ಒಂದು ಚಿತ್ರದಲ್ಲಿ ಹುಡುಗಿಯೊಬ್ಬಳು ಹೊಸ್ತಿಲು ದಾಟಲು ಕಾಲೆತ್ತಿ ಹಾಗೇ ನಿಲ್ಲುವುದನ್ನು ಅವರು 'ಕಾಲ ಉಸಿರು ಬಿಗಿಹಿಡಿದ ಗಳಿಗೆ' ಎಂದು ತಮ್ಮ ಪುಸ್ತಕದಲ್ಲಿ ಬರೆದಿದ್ದರು.

ಲ್ಯಾಪ್‌ಟಾಪಿಗೆ ಹಾಕಿದ್ದ ಲೈಬ್ರರಿಯ ಹಳೇ ಡಿವಿಡಿಯಲ್ಲಿ ಈಗ ಅದೇ ಹುಡುಗಿ ಕಾಲೆತ್ತಿ ನಿಂತಿದ್ದಳು. ನೋಡುತ್ತ ಕೂತ ಮೇಡಂ ಕಾಲೇ ಜೋಮು ಹಿಡಿಯಿತು. ವಿಮರ್ಶಕರು ಹೊಗಳಿದ ಗಳಿಗೆ ಇದೇ ಇರಬೇಕು ಅಂದುಕೊಂಡು ಲ್ಯಾಪ್‌ಟಾಪ್ ಮುಚ್ಚಿದರು.

ಮರುದಿನ ಸ್ಟಾಫ್ ರೂಮಿನಲ್ಲಿ ಬುದ್ಧಿವಾದಕ್ಕೆ ಬರವಿರಲಿಲ್ಲ. "ನಿಮ್ಮ ಅಭಿಪ್ರಾಯ ಇವತ್ತೊಂದಿನ ಬ್ಯಾಗಲ್ಲೇ ಇರ್ಲಿ ಮೇಡಂ," ಎಂದರು ಗುಮಾಸ್ತೆ. "ಹೌದು ಹೌದು," ಎಂದರು ಹೌದುಸಾರ್.

ಉಪನ್ಯಾಸ ಶುರುವಾಗಿ ಪರದೆಯ ಮೇಲೆ ಹುಡುಗಿಯ ಕಾಲು ಮೇಲೆದ್ದಿತು.

"ಇದು ಬಡತನವಲ್ಲ, ಧ್ಯಾನ!" ಎಂದರು ಮೇಡಂ. ಕಾಲು ಇಳಿಯಲಿಲ್ಲ. ಮೌನ ಎಂದರು, ಮಹಾಮೌನ ಎಂದರು. ಹೊರಟೆ ಹೊರಟೆ ಎನ್ನುತ್ತಲೇ ಬಾಗಿಲಲ್ಲಿ ನಿಂತ ನೆಂಟರಂತೆ ಕಾಲು ಅಲ್ಲೇ ಇತ್ತು. ವಿಶೇಷಣಗಳು ಖಾಲಿಯಾದವು.

"ಮೇಡಂ, ಮಧ್ಯದಲ್ಲಿ ಸುತ್ತುತ್ತಾ ಇರೋ ಆ ಬಳೆ ಏನು?" ವಿದ್ಯಾರ್ಥಿನಿಯೊಬ್ಬಳು ಕೇಳಿದಳು.

ಮೇಡಂ ಆಗ ನೋಡಿದರು. ಡಿವಿಡಿ ಸಿಕ್ಕಿಕೊಂಡಾಗ ಕಂಪ್ಯೂಟರು ತಿರುಗಿಸುವ ಬಳೆ ಅದು. ರಾತ್ರಿಯ ಇಲಿ ಡಿವಿಡಿಯೊಳಗಿತ್ತು!

"ಅದು... ಕಾಲಚಕ್ರ."

"ಹೌದು!" ಎಂದರು ಹೌದುಸಾರ್, ಅಭ್ಯಾಸಬಲದಿಂದ.

ಅಷ್ಟರಲ್ಲಿ ಡಿವಿಡಿ ಕಿರ್ರೆಂದಿತು. ಹುಡುಗಿ ಹೊಸ್ತಿಲು ಹಾರಿ ದಡಬಡ ಓಡಿದಳು. ಮಾತಿಗೂ ಚಿತ್ರಕ್ಕೂ ಎಂಥ ಹೊಂದಾಣಿಕೆ ಎಂದು ಸಭೆ ಚಪ್ಪಾಳೆ ತಟ್ಟಿತು. ವಿಮರ್ಶಕರ ಮುಖ ಮಾತ್ರ ಸುಣ್ಣವಾಗಿತ್ತು. ಅವರು ಮೇಡಂರನ್ನು ಪಕ್ಕದ ಕೋಣೆಗೆ ಕರೆದು ಬಾಗಿಲು ಹಾಕಿದರು.

"ಆ ಡಿವಿಡಿ ಎಲ್ಲಿದಮ್ಮಾ?"

"ನಮ್ಮ ಲೈಬ್ರರೀದು ಸಾರ್."

"ನಾನೂ ಹಿಂದೆ ಇಲ್ಲೇ ಮೇಷ್ಟ್ರಾಗಿದ್ದೆ. ಪುಸ್ತಕ ಬರೆಯೋವಾಗ ನೋಡಿದ್ದು ಇದನ್ನೇ. ಅದು ಮುಂದಕ್ಕೆ ಓಡಿದ್ದನ್ನ ಇವತ್ತೇ ಕಂಡೆ."

"ಹಾಗಾದ್ರೆ ಹುಡುಗಿ ನಿಂತೇ ಇರ್ಲಿಲ್ವಾ?"

"ನಿಂತಿದ್ದು ಡಿವಿಡಿ."

ಆ ನಿಶ್ಚಲತೆ ಕಲೆಯಲ್ಲವೆಂಬ ತಮ್ಮ ವಾದ ಗೆದ್ದಿತೆಂದು ಮೇಡಂಗೆ ಒಳಗೊಳಗೇ ಖುಷಿ. ಅದು ಮುಖಕ್ಕೆ ಬರುವ ಮೊದಲೇ ವಿಮರ್ಶಕರು ಕನ್ನಡಕ ಒರೆಸುತ್ತ, "ನೀವು ಜಾಣೆ. ಕಾಯಂ ಆದ್ರೆ ಇದನ್ನ ವರ್ಷವರ್ಷ ಪಾಠ ಮಾಡ್ತೀರಿ. ಒಂದಿನ ಹೊಸ ಡಿವಿಡಿ ತರಿಸ್ತೀರಿ. ಬೇಡಮ್ಮಾ. ಹೌದು ಅಂದ್ರಲ್ಲ, ಅವರೇ ಇರ್ಲಿ," ಎಂದರು.

ಎಲ್ಲರೆದುರು ಗುಟ್ಟು ರಟ್ಟುಮಾಡಿಬಿಡಲೇ ಎಂದು ಮೇಡಂ ಹೊರಬಂದರು. "ಬಂದ್ರು, ಕಾಲಚಕ್ರ ಮೇಡಂ ಬಂದ್ರು!" ಎಂದು ವಿದ್ಯಾರ್ಥಿಗಳು ಅಭಿಮಾನದಿಂದ ಮುತ್ತಿಕೊಂಡರು. ಗುಟ್ಟು ಒಡೆದರೆ ಕಾಲಚಕ್ರವೂ ಒಡೆಯುವುದೆಂದು ತೆರೆದ ಬಾಯಿ ಮುಚ್ಚಿಕೊಂಡಿತು.

ಮನೆಯಲ್ಲಿ ಗಂಡ ಇಲಿಬೋನು ತಂದಿಟ್ಟಿದ್ದರು. "ಇವತ್ತು ಸಿಕ್ಕೇ ಸಿಗುತ್ತೆ ನೋಡು!"

ಇಲಿ ಇಲ್ಲವೆಂದರೆ ಮತ್ತೆ ಸದ್ದು ಯಾವುದು ಎಂದು ಕೇಳುತ್ತಾರೆ. ಯಾರಿಗೂ, ಇವರಿಗೂ, ಹೇಳುವುದಿಲ್ಲವೆಂದು ನಿಶ್ಚಯಿಸಿ, ಮೇಡಂ ಬೋನಿಗೆ ತಾವೇ ಒಂದು ಚೂರು ಬ್ರೆಡ್ ಸಿಕ್ಕಿಸಿದರು.