ಅರ್ಧ ಮಡಚಿದ ಕೈಯಿಂದ ಬೀಸಿದ ಹಿಟ್ಟು

ಬೀಸುವುದರಲ್ಲಿ ನನ್ನನ್ನು ಮೀರಿಸುವವರು ಹನ್ನೂರಿನಲ್ಲಿ ಇರಲಿಲ್ಲ. ಇದು ಊರಿಗೆಲ್ಲ ಗೊತ್ತಿತ್ತು, ನಾನೇ ಹೇಳಿದ್ದೆ. ಹಿಟ್ಟಿನ ಗಿರಣಿ ಇನ್ನೂ ಬಂದಿರದ, ಅಕ್ಕಲಕೋಟೆ ರಾಜರ ಕಾಲ ಅದು. ನಾದಿನಿ ಗೌರವ್ವನನ್ನು ನೋಡಲು ಕರಜಗಿಯಿಂದ ಬೀಗರಾಗುವವರು ಬರುತ್ತಿದ್ದರು. ಮೊದಲೇ ಎರಡು ಸಂಬಂಧ ತಪ್ಪಿದ್ದವು. ನಮ್ಮ ಕಡೆ ಹುಡುಗಿಯ ಮುಖಕ್ಕಿಂತ ಮೊದಲು ಮನೆಯ ರೊಟ್ಟಿ ನೋಡುತ್ತಾರೆ.

ನನ್ನ ಯಜಮಾನರು ಸೊಲ್ಲಾಪುರದಲ್ಲಿ ಗುಮಾಸ್ತರು. ಅಲ್ಲಿಯ ತಾಲೀಮಿಗೆ ಹೋಗುತ್ತಿದ್ದರು, ಅಂದರೆ ಉಳಿದವರ ಕುಸ್ತಿ ನೋಡಲು. ಅಲ್ಲಿ ಒಬ್ಬ ಡಾಕ್ಟರು ಪೈಲವಾನರಿಗೆ ಸ್ನಾಯುವಿನ ಶಾಸ್ತ್ರ ಹೇಳಿದ್ದನ್ನು ಕೇಳಿಕೊಂಡು, ಬೀಗರು ಬರುವ ಹಿಂದಿನ ದಿನ ಊರಿಗೆ ಬಂದು ನನಗೆ ಕಲಿಸತೊಡಗಿದರು. ಕೈ ಪೂರ್ತಿ ಚಾಚಿದರೂ ಶಕ್ತಿ ಕಮ್ಮಿ, ಪೂರ್ತಿ ಮಡಚಿದರೂ ಕಮ್ಮಿ. ಅರ್ಧ ಮಡಚಿದಾಗಲೇ ಪೂರಾ ಶಕ್ತಿ. ಲಗುಲಗು ಎಳೆದಷ್ಟೂ ಜೋರು ಇಳಿಯುತ್ತದೆ, ಸಾವಕಾಶ ಎಳೆದರೆ ಏರುತ್ತದೆ.

"ಹಂಗಾರ ಎಳೀದೆ ಸುಮ್ನ ಹಿಡಕೊಂಡು ಕುಂತ್ರ ಇನ್ನೂ ಹೆಚ್ಚೇನ್ರಿ?" ಎಂದು ಕೇಳಿದೆ.

"ಹೌದು. ಅದಕ್ಕ ಭಾಳ ಜೋರ ಐತಿ," ಎಂದರು.

ಈ ಶಾಸ್ತ್ರ ಅವರಿಗೆ ಯಾಕೆ ಅಷ್ಟು ಹಿಡಿಸಿತ್ತೆಂದು ತಿಳಿಯಿತು. ಉಳಿದದ್ದು ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಕಲ್ಲಿನ ಮುಂದೆ ಕುಳಿತೆ. ಬೀಸುವ ಕಲ್ಲಿನ ಗೂಟ ದುಂಡಗೆ ತಿರುಗುತ್ತದೆ. ಅದು ದೂರ ಹೋದಾಗ ಕೈ ಚಾಚಲೇಬೇಕು, ಹತ್ತಿರ ಬಂದಾಗ ಮಡಚಲೇಬೇಕು. ಎರಡೂ ಕಡೆ ಶಕ್ತಿ ಸೋರಿಹೋದರೆ ಗತಿಯೇನು! ಅದಕ್ಕೆ ಕೈಯನ್ನು ಅರ್ಧಕ್ಕೇ ಬಿಗಿಹಿಡಿದು, ಕುಕ್ಕರಗಾಲಿನಲ್ಲಿ ಗೂಟದ ಹಿಂದೆ ನಾನೇ ಕಲ್ಲಿನ ಸುತ್ತ ಸರಿಯತೊಡಗಿದೆ. ಸಾವಕಾಶ. ಇಷ್ಟೆಲ್ಲ ಶಕ್ತಿ ಬಂದ ಮೇಲೆ ಚೂರುಚೂರೇ ಕಾಳು ಯಾಕೆಂದು ಬೊಗಸೆ ತುಂಬ ಜೋಳ ಸುರಿದೆ.

ಅತ್ತೆ ಬಾಗಿಲಲ್ಲಿ ನಿಂತು ನೋಡಿದಳು.

"ಏನವಾ, ಕಲ್ಲಿಗೆ ಪ್ರದಕ್ಷಿಣಿ ಹಾಕಾಕತ್ತೀಯೇನು?"

"ಶಕ್ತಿ ಉಳಸಾಕತ್ತೀನ್ರಿ ಅತ್ತಿ."

ತಲೆ ಗಿರ್ರೆಂದು ತಿರುಗಿ ಗೋಡೆಗೆ ಒರಗಿದೆ. ಕಲ್ಲಿನ ಸುತ್ತ ಬಿದ್ದದ್ದು ಹಿಟ್ಟಲ್ಲ, ನುಚ್ಚು. ಇನ್ನೊಮ್ಮೆ ಬೀಸಲು ಹೊತ್ತಿರಲಿಲ್ಲ. ಕರಜಗಿಯ ಬಂಡಿ ಬಾಗಿಲಿಗೆ ಬಂದಿತ್ತು.

ಗೌರವ್ವ ಬಡಿದ ರೊಟ್ಟಿಗಳೆಲ್ಲ ಹಂಚಿನ ಮೇಲೆಯೇ ಒಡೆದವು. ಹುಡುಗನ ತಾಯಿ ಚೂರುಗಳನ್ನು ತಾಟಿನಲ್ಲಿ ಜೋಡಿಸಿ ನೋಡಿ, ಹಿಟ್ಟು ಹುಡುಗಿಯೇ ಬೀಸಿದ್ದೇನು ಎಂದು ಕೇಳಿದಳು. ಗೌರವ್ವನ ಕಣ್ಣಲ್ಲಿ ನೀರು ನಿಂತಿತು. ನಾನು ಬೀಸಿದ್ದು ಎಂದೆ. ಹೇಗೆ ಬೀಸಿದೆ ಎಂದಳು. ಕಲ್ಲಿನ ಸುತ್ತ ಒಂದು ಸುತ್ತು ಸರಿದು ತೋರಿಸಿದೆ, ಶಾಸ್ತ್ರವನ್ನೂ ಹೇಳಿದೆ. ಆಕೆ ನಗಲೂ ಇಲ್ಲ. ಯಜಮಾನರು ಒಳಗಿನ ಕೋಣೆಯಲ್ಲಿ ಜೋರು ಹೆಚ್ಚಿಸಿಕೊಳ್ಳುತ್ತ ಸುಮ್ಮನೆ ಕುಳಿತಿದ್ದರು.

"ಹುಡುಗಿ ನಮಗ ಪಸಂತ ಅದಾಳ್ರಿ," ಎಂದು ಆಕೆ ಅತ್ತೆಗೆ ಹೇಳಿದಳು. "ಆದ್ರ ಮದಿವ್ಯಾಗ ಈ ನಿಮ್ಮ ಸೊಸಿನ್ನ ಬೀಸೋಕಲ್ಲ ಮುಟ್ಟಾಕ ಬಿಡಬ್ಯಾಡ್ರಿ."

ಅತ್ತೆ ಮಾತು ಕೊಟ್ಟಳು. ಮದುವೆಯಲ್ಲಿ ಕಲ್ಲಿಗೆ ಪೂಜೆ ಮಾಡಿ, ಓಣಿಯ ಮುತ್ತೈದೆಯರೆಲ್ಲ ಹಾಡುತ್ತ ಅರಿಸಿನ ಬೀಸಿದರು. ನನ್ನನ್ನು ಮಾಳಿಗೆಯ ಮೇಲೆ ಹಪ್ಪಳ ಕಾಯಲು ಕೂಡಿಸಿದರು. ಕಾಗೆಗಳೂ ನನಗೆ ಅಷ್ಟೇನೂ ಹೆದರಲಿಲ್ಲ.