ಕಮಲಾಕ್ಷರ ಹಾಜರಿ ಸೇವೆ

ನಿವೃತ್ತರಾದ ಮೇಲೆ ಕಮಲಾಕ್ಷರಿಗೆ ಒಂದು ಕಹಿ ಸತ್ಯ ನಿಧಾನವಾಗಿ ಅರ್ಥವಾಗತೊಡಗಿತು. ಬೇಲಾಪುರದ ಅವರ ಕಚೇರಿ ಅವರಿಲ್ಲದೆಯೂ ನಡೆಯುತ್ತಿತ್ತು. 'ಸಾಹೇಬ್, ಆ ಫೈಲು ಎಲ್ಲಿಟ್ಟಿದ್ದೀರಿ' ಎಂದು ಯಾರಾದರೂ ಕೇಳಿಯಾರೆಂದು ಮೊದಲ ಕೆಲವು ವಾರ ಅವರು ಮೊಬೈಲನ್ನು ಬಚ್ಚಲುಮನೆಗೂ ಒಯ್ದರು. ಫೋನೇನೋ ಬರುತ್ತಿತ್ತು, ಸಾಲ ಬೇಕೇ ಎಂದು ಕೇಳುವ ಹುಡುಗಿಯರದ್ದು. ಅವರಿಗೆ ಕಮಲಾಕ್ಷರು ಸಾಲದ ಅಪಾಯಗಳ ಬಗ್ಗೆ ಎಷ್ಟು ಸವಿಸ್ತಾರವಾಗಿ ಹೇಳುತ್ತಿದ್ದರೆಂದರೆ, ಕೊನೆಗೆ ಆ ಹುಡುಗಿಯರೇ ಕೈಮುಗಿದು ಫೋನಿಡುತ್ತಿದ್ದರು.

ಹೊತ್ತು ಹೋಗದೆ ಒಂದು ದಿನ ಅವರು ಅಡುಗೆಮನೆಗೆ ನುಗ್ಗಿ ಡಬ್ಬಿಗಳನ್ನೆಲ್ಲ ಕಡತಗಳಂತೆ ಅಕಾರಾದಿಯಾಗಿ ಜೋಡಿಸಿದರು. ಮರುದಿನ ಒಗ್ಗರಣೆಯ ಹೊತ್ತಿಗೆ ಸಾಸಿವೆ ಹುಡುಕಲು ಹೊರಟ ವಸಂತಿ ಕೊನೆಯ ಸಾಲಿಗೆ ತಲುಪುವಷ್ಟರಲ್ಲಿ ಎಣ್ಣೆ ಹೊಗೆಯಾಡಿತು.

"ನಿಮಗೊಂದು ಕೆಲಸ ಬೇಕು," ಎಂದರು ವಸಂತಿ, ರಾತ್ರಿ ಊಟಕ್ಕೆ ಕುಳಿತಾಗ. "ನಿಮ್ಮ ಒಳ್ಳೇದಕ್ಕಲ್ಲ. ನನ್ನ ಒಳ್ಳೇದಕ್ಕೆ."

ಮಹಾಪೆಯ ಐಟಿ ಕಂಪೆನಿಯಲ್ಲಿ ಕೆಲಸ ಮಾಡುವ ಮಗಳು ಅಪರ್ಣಾಳ ಬಳಿ ಎಲ್ಲದಕ್ಕೂ ಉಪಾಯವಿತ್ತು. "ಪಪ್ಪ, ಆನ್‌ಲೈನ್ ಬಿಜ್ನೆಸ್ ಶುರು ಮಾಡಿ. ಆಜ್‌ಕಲ್ ಸಬ್ ಕರ್‌ತೇ ಹೈ. ಈಗ ಎಲ್ಲರೂ ಮಾಡ್ತಾರೆ, ಮನೆಯಲ್ಲೇ ಕೂತು ಮಾಡಬಹುದು."

"ಮನೆಯಲ್ಲೇ?" ವಸಂತಿಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

ಹೀಗೆ ನೆರೂಳಿನ ಆ ಎರಡು ಕೋಣೆಯ ಮನೆಯಲ್ಲಿ ಉದ್ಯಮ ಚಿಂತನೆ ಆರಂಭವಾಯಿತು. ಅಡುಗೆಯ ಚಾನೆಲ್ ಮಾಡಬಹುದಿತ್ತು, ಆದರೆ ಕಮಲಾಕ್ಷರಿಗೆ ಬರುವುದು ಚಹಾ ಒಂದೇ, ಅದನ್ನೂ ಕುಡಿದವರು ಕಾಫಿಯೇ ಎಂದು ಕೇಳುತ್ತಿದ್ದರು. ಬರಹ ಮುದ್ರಿಸಿದ ಟೀ ಶರ್ಟ್ ಮಾರಬಹುದಿತ್ತು. ಕಮಲಾಕ್ಷರು ಒಂದಿಡೀ ಮಧ್ಯಾಹ್ನ ಯೋಚಿಸಿ 'ಸಮಯಪಾಲನೆಯೇ ಸಭ್ಯತೆ' ಎಂಬ ವಾಕ್ಯವನ್ನು ರಚಿಸಿದರು. ಅದನ್ನು ಎದೆಯ ಮೇಲೆ ಹಾಕಿಕೊಳ್ಳುವ ವಯಸ್ಸಿನವರು ಟೀ ಶರ್ಟ್ ಹಾಕುವುದಿಲ್ಲ ಎಂದು ಅಪರ್ಣಾ ಮೆಲ್ಲಗೆ ತಿಳಿಸಿದಳು. ಇನ್ನು ಉಪ್ಪಿನಕಾಯಿ.

"ನೀನು ಮಾಡು, ನಾನು ಆನ್‌ಲೈನಿನಲ್ಲಿ ಮಾರುತ್ತೇನೆ," ಎಂದರು ಕಮಲಾಕ್ಷರು ಉದಾರವಾಗಿ.

"ಮಾವಿನಕಾಯಿ ತರುದು ನಾನು, ಹೆಚ್ಚುದು ನಾನು, ಭರಣಿ ತೊಳೆಯುದು ನಾನು. ನೀವು ಬೆರಳಲ್ಲಿ ಮೊಬೈಲ್ ಒತ್ತುದು. ಅದು ನಿಮ್ಮ ಬಿಜ್ನೆಸ್ ಹೇಗೆ ಆಗ್ತದೆ?"

"ಪಪ್ಪ, ನಿಮಗೆ ಯಾವುದು ತುಂಬ ಚೆನ್ನಾಗಿ ಬರ್ತದೆ ಹೇಳಿ," ಎಂದಳು ಅಪರ್ಣಾ. "ಅದೇ ಬಿಜ್ನೆಸ್ ಆಗ್ಬೇಕು."

ಮೂವರೂ ಯೋಚಿಸಿದರು. ಆ ಯೋಚನೆ ಇರಬೇಕಾದುದಕ್ಕಿಂತ ಸ್ವಲ್ಪ ಹೆಚ್ಚೇ ಉದ್ದವಾಯಿತು. ತನ್ನ ಬಗ್ಗೆ ಹೆಂಡತಿ ಮಕ್ಕಳು ಇಷ್ಟು ಕಷ್ಟಪಟ್ಟು ಯೋಚಿಸುವುದನ್ನು ನೋಡುತ್ತಾ ಕೂರುವುದು ಯಾವ ಗಂಡಸಿಗೂ ಹಿತವಲ್ಲ. ಕಮಲಾಕ್ಷರು ಮಜ್ಜಿಗೆ ಬಡಿಸಿಕೊಂಡು ಕಿಟಕಿಯ ಕಡೆ ನೋಡಿದರು.

ಅಷ್ಟರಲ್ಲಿ ಕುಶಲನ ಫೋನು ಬಂತು. ಕುಶಲ ಬೇಲಾಪುರದಲ್ಲಿ ಹೋಟೆಲು ನಡೆಸುವ, ಉಡುಪಿ ಕಡೆಯ ಹಳೆಯ ಸ್ನೇಹಿತ. "ಕಮಲಣ್ಣ, ಡೊಂಬಿವಲಿಯ ಪುಷ್ಪಾವತಿಯಕ್ಕನ ಮಗನ ಮದುವೆಗೆ ಹೋಗ್ತೀರಲ್ಲ? ನನಗೆ ಹೋಟೆಲು ಬಿಟ್ಟು ಬರ್ಲಿಕ್ಕೆ ಆಗುದಿಲ್ಲ ಮಾರಾಯ್ರೆ. ಅದರ ಮೇಲೆ ಮೆಗಾಬ್ಲಾಕ್ ಬೇರೆ. ನನ್ನದೊಂದು ಕವರು ಕೊಟ್ಟುಬಿಡಿ, ಆಯ್ತಾ?"

ಇಲ್ಲಿ ಒಂದು ಮಾತು ಹೇಳಬೇಕು. ನವಿ ಮುಂಬಯಿಯ ನಮ್ಮ ಕರಾವಳಿಯವರಿಗೆ ಭಾನುವಾರ ರಜೆಯ ದಿನವಲ್ಲ, ಹೋಗಬೇಕಾದ ದಿನ. ಠಾಣೆಯಲ್ಲಿ ಸೀಮಂತ, ಡೊಂಬಿವಲಿಯಲ್ಲಿ ಮದುವೆ, ಕಲ್ಯಾಣದಲ್ಲಿ ಗೃಹಪ್ರವೇಶ. ರೈಲ್ವೆಯವರು ರೈಲು ನಿಲ್ಲಿಸಿ ಹಳಿ ದುರಸ್ತಿ ಮಾಡುವ ಮೆಗಾಬ್ಲಾಕಿಗೆ ಆರಿಸಿಕೊಳ್ಳುವುದೂ ಅದೇ ದಿನವನ್ನು. ಆದರೂ ಹೋಗದಿರುವಂತಿಲ್ಲ, ಏಕೆಂದರೆ 'ಅವರು ನಮ್ಮಲ್ಲಿಗೆ ಬಂದಿದ್ದರು.' ಈ ಒಂದು ವಾಕ್ಯದ ಬಲದಿಂದ ಎಷ್ಟೋ ಸಭಾಂಗಣಗಳು ತುಂಬುತ್ತವೆ. ಕಮಲಾಕ್ಷರು ಮೂವತ್ತು ವರ್ಷಗಳಿಂದ ಒಂದು ಭಾನುವಾರವನ್ನೂ ಬಿಡದೆ ಹೋದವರು. ಹೋಗುವಾಗ ಬರಲಾಗದವರ ಕವರುಗಳನ್ನೂ ಒಯ್ಯುವುದರಿಂದ ಅವರ ಅಂಗಿಯ ಜೇಬು ಅಂಚೆಪೆಟ್ಟಿಗೆಯಂತೆ ಉಬ್ಬಿರುತ್ತಿತ್ತು.

ಫೋನಿಟ್ಟ ಕಮಲಾಕ್ಷರ ಮುಖದಲ್ಲಿ ಬೆಳಕು ಮೂಡಿತು. "ಇದೇ!" ಎಂದು ಅವರು ಮೇಜು ಕುಟ್ಟಿದರು. "ಬರಲಾಗದವರ ಪರವಾಗಿ ನಾನು ಹೋಗುತ್ತೇನೆ. ಆನ್‌ಲೈನಿನಲ್ಲಿ ಬುಕ್ ಮಾಡಲಿ."

"ಪಪ್ಪ, ಸೀರಿಯಸ್ಲೀ?" ಎಂದಳು ಅಪರ್ಣಾ. ಆದರೆ ಒಂದೇ ಸಂಜೆಯಲ್ಲಿ 'ಹಾಜರಿ ಸೇವೆ' ಎಂಬ ಪುಟವನ್ನೂ ಬುಕಿಂಗ್ ವ್ಯವಸ್ಥೆಯನ್ನೂ ಮಾಡಿಕೊಟ್ಟಳು. ಕೆಳಗೆ ಕಮಲಾಕ್ಷರೇ ಬರೆದ ಸಾಲು: 'ನೀವು ಬರಲಾಗದಲ್ಲಿ ನಿಮ್ಮ ಪರವಾಗಿ ನಾವು.'

"ನಾವು ಅಂದ್ರೆ ಯಾರೆಲ್ಲ?" ಎಂದು ವಸಂತಿ ಕೇಳಿದರು.

"ನಾನು."

"ಮತ್ತೆ ಉಳಿದವರು?"

"ಕಂಪೆನಿ ಅಂದ ಮೇಲೆ 'ನಾವು' ಅನ್ನಬೇಕು. ನಿನಗದು ಅರ್ಥವಾಗುವುದಿಲ್ಲ."

ಸೇವೆಯಲ್ಲಿ ದರ್ಜೆಗಳಿದ್ದವು. ಸಾಧಾರಣ ಹಾಜರಿಯೆಂದರೆ ಕವರು ಕೊಟ್ಟು, ಹರಸಿ, ಸಾಕ್ಷಿಗೆ ವಧೂವರರ ಜೊತೆ ಒಂದು ಫೋಟೋ. ವಿಶೇಷ ಹಾಜರಿಯಲ್ಲಿ ಊಟಕ್ಕೂ ಕುಳಿತು ಗ್ರಾಹಕರ ಹೆಸರಿನಲ್ಲಿ ಪಾಯಸವನ್ನು ಹೊಗಳಲಾಗುವುದು. ಉತ್ತರಕ್ರಿಯೆಯ ದರ ತುಸು ಹೆಚ್ಚು. (ಮುಖವನ್ನು ಅಷ್ಟು ಹೊತ್ತು ಸಪ್ಪಗೆ ಇಟ್ಟುಕೊಳ್ಳುವ ಶ್ರಮ ಮಾಡಿದವರಿಗೇ ಗೊತ್ತು.)

ವಾಟ್ಸಪ್ ಗುಂಪಿನಿಂದ ಗುಂಪಿಗೆ ಸುದ್ದಿ ಹರಡಿ, ಬುಕಿಂಗ್‌ಗಳು ಬಂದವು. ಕಮಲಾಕ್ಷರು 'ಸಂಸ್ಥಾಪಕ ಹಾಗೂ ಮುಖ್ಯ ಕಾರ್ಯನಿರ್ವಾಹಕ' ಎಂದು ಕಾರ್ಡು ಮಾಡಿಸಿದರು. ಪುಷ್ಪಾವತಿಯಕ್ಕನ ಮಗ ಮನೀಶನ ಮದುವೆಗೆ ಕುಶಲನಲ್ಲದೆ ಇನ್ನೂ ಕೆಲವರ ಪರವಾಗಿ ಹೋದರು. ಒಬ್ಬರ ಪರವಾಗಿ ವೇದಿಕೆ ಹತ್ತಿ, ಫೋಟೋ ತೆಗೆಸಿ, ಇಳಿದು, ಮತ್ತೆ ಸಾಲಿನ ಕೊನೆಗೆ ನಿಂತು ಇನ್ನೊಬ್ಬರ ಪರವಾಗಿ ಹತ್ತಿದರು. ಮದುಮಗಳು ಮೊದಲ ಸಲ ನಕ್ಕಳು, ಎರಡನೆಯ ಸಲ ಅನುಮಾನಿಸಿದಳು, ಆಮೇಲೆ ಕಾಲಿಗೆ ಬೀಳುವುದನ್ನು ನಿಲ್ಲಿಸಿದಳು.

"ಅಂಕಲ್, ಆಪ್‌ಕಾ ಹೋ ಗಯಾ," ಎಂದ ಫೋಟೋದವನು, ನಿಮ್ಮ ಸರದಿ ಮುಗಿಯಿತೆಂದು ಕೈಯಾಡಿಸುತ್ತಾ.

"ವೋ ದೂಸ್ರೇ ಕಾ ಥಾ," ಎಂದರು ಕಮಲಾಕ್ಷರು ಗಂಭೀರವಾಗಿ. "ಯೇ ಭೀ ದೂಸ್ರೇ ಕಾ ಹೈ." ಅದೂ ಬೇರೆಯವರದು, ಇದೂ ಬೇರೆಯವರದೇ.

ಪುಷ್ಪಾವತಿಯಕ್ಕ ಕುಶಲನ ಕವರನ್ನು ಕಣ್ಣಿಗೊತ್ತಿಕೊಂಡು, "ಅಷ್ಟು ದೊಡ್ಡ ಹೋಟೆಲಿನ ಗಡಿಬಿಡಿಯಲ್ಲೂ ನಮ್ಮನ್ನು ನೆನಪಿಟ್ಟುಕೊಂಡ್ರಲ್ಲ, ದೊಡ್ಡ ಮನಸ್ಸು," ಎಂದರು. ಎರಡು ರೈಲು ಬದಲಿಸಿ, ಠಾಣೆಯ ಮೇಲ್ಸೇತುವೆಯಲ್ಲಿ ಜನರ ಮೊಣಕೈ ತಿಂದು ಬಂದವರ ಮನಸ್ಸಿನ ಅಳತೆಯನ್ನು ಯಾರೂ ಹೇಳಲಿಲ್ಲ. ಕಮಲಾಕ್ಷರಿಗೆ ಒಳಗೆ ಸಣ್ಣಗೆ ಚುಚ್ಚಿತು. ಸೀರೆ ತಂದುಕೊಟ್ಟ ಕೊರಿಯರಿನವನಿಗೆ ಯಾರೂ ಬಣ್ಣ ಚೆನ್ನಾಗಿದೆ ಎನ್ನುವುದಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡರು.

ಇನ್ನೊಮ್ಮೆ ಕಲ್ಯಾಣದ ಒಂದು ಗೃಹಪ್ರವೇಶದಲ್ಲಿ, ಮೂಲೆಯ ಕುರ್ಚಿಯಲ್ಲಿದ್ದ ಮುದುಕಿಯೊಬ್ಬರು ಅವರ ಕೈ ಹಿಡಿದರು. ಕಮಲಾಕ್ಷರು ತಾನು ಯಾರ್ಯಾರ ಪರವಾಗಿ ಬಂದಿದ್ದೇನೆಂದು ಒಪ್ಪಿಸಿದರು. ಮುದುಕಿ ತಾಳ್ಮೆಯಿಂದ ಎಲ್ಲ ಹೆಸರುಗಳನ್ನೂ ಕೇಳಿಸಿಕೊಂಡರು. "ಅವರೆಲ್ಲ ಬಂದದ್ದಾಯ್ತು. ನೀನು ಬರ್ಲಿಲ್ವಾ ಮಗ?"

"ನಾನು ಇವತ್ತು ಡ್ಯೂಟಿಯಲ್ಲಿದ್ದೇನೆ ಅಜ್ಜಿ," ಎಂದರು ಕಮಲಾಕ್ಷರು. ಹೇಳಿದ ಮೇಲೆ, ರೈಲಿನಲ್ಲಿ ಕಿಟಕಿಯ ಪಕ್ಕದ ಜಾಗ ಸಿಕ್ಕಿದರೂ, ಠಾಣೆಯವರೆಗೆ ಅವರಿಗೆ ಏನೋ ಮರೆತು ಬಂದಂತೆ ಅನ್ನಿಸುತ್ತಲೇ ಇತ್ತು. ಕೊಡೆಯಿತ್ತು, ಕನ್ನಡಕವಿತ್ತು, ಮೊಬೈಲಿತ್ತು.

ಆ ತಿಂಗಳೇ ಅಪರ್ಣಾಳಿಗೆ ಡೊಂಬಿವಲಿಯ ಹಿತೇಶನ ಸಂಬಂಧ ಕೂಡಿಬಂತು. ನಿಶ್ಚಿತಾರ್ಥ ನೆರೂಳಿನ ಸಭಾಂಗಣದಲ್ಲಿ, ಭಾನುವಾರ. ಗಂಡಿನ ಕಡೆಯವರದು ದೊಡ್ಡ ಬಳಗ, ಬಸ್ಸು ಮಾಡಿಕೊಂಡು ಬರುವವರು.

"ನಮ್ಮ ಕಡೆ ಕುರ್ಚಿ ಖಾಲಿ ಕಂಡ್ರೆ ಮಗಳಿಗೆ ಬೆಲೆ ಇರ್ತದಾ?" ಎಂದರು ವಸಂತಿ. "ಯಾರೂ ಇಲ್ಲದವಳು ಅಂತ ಲೆಕ್ಕ ಹಾಕ್ತಾರೆ."

"ನೀನು ಯಾಕೆ ಹೆದರುತ್ತೀ? ನಾನು ಹೋಗದ ಮನೆ ಈ ಮೂರು ಪಟ್ಟಣಗಳಲ್ಲಿ ಉಂಟಾ? ಕುರ್ಚಿ ಸಾಲದೆ ಬಂದೀತು."

ಮಂಡಿ ನೋವಿನಿಂದಾಗಿ ವಸಂತಿ ರೈಲಿನ ಮೆಟ್ಟಿಲು ಹತ್ತುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಮನೆಯ ಹೆಸರನ್ನು ಹೊತ್ತು ಹೋಗುತ್ತಿದ್ದವರು ಕಮಲಾಕ್ಷರೇ. ಏನೋ ಅನುಮಾನ ಬಂದು ವಸಂತಿ ಕೇಳಿದರು, "ಅಲ್ಲ, ಹೋದಲ್ಲೆಲ್ಲ ನಮ್ಮದೂ ಒಂದು ಕವರು ಕೊಟ್ಟಿದ್ದೀರಲ್ಲ?"

ಕಮಲಾಕ್ಷರು ಬೆನ್ನು ನೆಟ್ಟಗೆ ಮಾಡಿದರು. "ಡ್ಯೂಟಿಯಲ್ಲಿರುವಾಗ ಸ್ವಂತ ಕೆಲಸ ಮಾಡುವುದು ನಿಯಮಕ್ಕೆ ವಿರುದ್ಧ. ಸರಕಾರಿ ಜೀಪಿನಲ್ಲಿ ನಾನು ಒಂದು ದಿನವೂ ತರಕಾರಿ ತಂದವನಲ್ಲ."

ವಸಂತಿ ಕುರ್ಚಿಯಲ್ಲಿ ಕುಸಿದರು. "ಹಾಗಾದ್ರೆ ನಾವು ಎಲ್ಲಿಗೂ ಹೋಗ್ಲೇ ಇಲ್ಲ."

"ಹೋಗಿದ್ದೇನಲ್ಲ! ಊಟ ಮಾಡಿದ್ದೇನೆ, ಫೋಟೋ ಉಂಟು!"

"ಕುಶಲಣ್ಣ ಊಟ ಮಾಡಿದ್ದು. ಕುಶಲಣ್ಣನ ಫೋಟೋ."

ಕಮಲಾಕ್ಷರು ನಕ್ಕು ಅದನ್ನು ತಳ್ಳಿಹಾಕಿ, ಎಲ್ಲರಿಗೂ ವಾಟ್ಸಪ್ಪಿನಲ್ಲೇ ಆಮಂತ್ರಣ ಕಳಿಸಿದರು. ನಿಶ್ಚಿತಾರ್ಥಕ್ಕೆ ಒಂದು ವಾರವಿರುವಾಗ ಮೊಬೈಲು ಒಂದೇ ಸಮನೆ ಕುಯ್ಗುಡತೊಡಗಿತು. ಬುಕಿಂಗ್ ಮೇಲೆ ಬುಕಿಂಗ್! "ನೋಡು, ಮಗಳ ನಿಶ್ಚಿತಾರ್ಥದ ವಾರವೂ ವ್ಯಾಪಾರ ನಿಲ್ಲುವುದಿಲ್ಲ," ಎಂದು ಹೆಮ್ಮೆಯಿಂದ ಕನ್ನಡಕ ಏರಿಸಿ ಓದಿದರು. ನಿಶ್ಚಿತಾರ್ಥ. ನೆರೂಳು. ಭಾನುವಾರ. ಕನ್ಯೆ: ಅಪರ್ಣಾ. ಮೊದಲನೆಯದು ಕುಶಲನದು, ವಿಶೇಷ ಹಾಜರಿ, ಪಾಯಸದ ಹೊಗಳಿಕೆ ಸಹಿತ.

"ಕುಶಲ, ಇದೆಂತ ಮಾರಾಯ? ಅದು ನನ್ನ ಮಗಳ ನಿಶ್ಚಿತಾರ್ಥ!" ಎಂದು ಫೋನಿನಲ್ಲಿ ಕೂಗಿದರು.

"ಗೊತ್ತುಂಟಲ್ಲ ಕಮಲಣ್ಣ. ನೀವು ಹೇಗೂ ಅಲ್ಲೇ ಇರ್ತೀರಿ. ರೈಲು ಹತ್ಲಿಕ್ಕೂ ಇಲ್ಲ. ನಿಮಗೇ ಸುಲಭ ಅಂತ ಮಾಡಿದ್ದು."

ಪುಷ್ಪಾವತಿಯಕ್ಕನಿಗೆ ಫೋನ್ ಮಾಡಿದರೆ ಅವರು ಬಹಳ ವಿನಯದಿಂದಲೇ ಮಾತಾಡಿದರು. "ನಮ್ಮ ಮನೀಶನ ಮದುವೆಗೆ ನೀವು ಬಂದದ್ದು ಕುಶಲಣ್ಣನ ಲೆಕ್ಕದಲ್ಲಲ್ವಾ? ಅವರ ಮನೆಯ ಕಾರ್ಯಕ್ಕೆ ನಾವು ಖಂಡಿತ ಹೋಗ್ತೇವೆ. ನಿಮ್ಮದಕ್ಕೆ... ನೋಡುವ. ಮೆಗಾಬ್ಲಾಕ್ ಉಂಟಂತೆ."

ಕಮಲಾಕ್ಷರು ಫೋನಿಟ್ಟು ಬಾಲ್ಕನಿಗೆ ಹೋದರು. ಮೂವತ್ತು ವರ್ಷ ಪುಕ್ಕಟೆ ಕವರು ಒಯ್ದಾಗ ಜೇಬಿನಲ್ಲಿ ಎಲ್ಲರದಕ್ಕಿಂತ ಕೆಳಗೆ ತಮ್ಮದೂ ಒಂದು ಇರುತ್ತಿತ್ತು. ಆಗ ಅವರು ಹೋದದ್ದು ಅವರೇ ಹೋದಂತೆ. ದರ ನಿಗದಿಯಾದ ದಿನದಿಂದ ಹೋದವರು ಯಾರು? ಅಂಗಿ ಅವರದು, ಹೊಟ್ಟೆ ಅವರದು, ದಣಿದ ಕಾಲು ಅವರದು. ಬಂದು ಹೋದವರು ಮಾತ್ರ ಬೇರೆ. ಅಷ್ಟೊಂದು ಭಾನುವಾರ ಊರೆಲ್ಲ ತಿರುಗಿದರೂ ಕಮಲಾಕ್ಷ ಎಂಬ ಮನುಷ್ಯ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಒಳಗೆ ಬಂದು, "ಸೇವೆ ಬಂದ್ ಮಾಡು," ಎಂದು ಮಗಳಿಗೆ ಹೇಳಿದರು. ಮುಂಗಡವನ್ನು ಹಿಂದಿರುಗಿಸಿದರು. ಮರುದಿನದಿಂದ ಸಂಜೆಯ ಕಿಕ್ಕಿರಿದ ಲೋಕಲಿನಲ್ಲಿ, ಆಮಂತ್ರಣ ಹಿಡಿದು, ಮನೆಮನೆಗೆ ಹೊರಟರು. ಮಂಡಿಗೆ ಪಟ್ಟಿ ಕಟ್ಟಿಕೊಂಡು ವಸಂತಿಯೂ ಹೊರಟರು. ("ನಿಮ್ಮೊಬ್ಬರನ್ನೇ ಕಳಿಸಿದ್ರೆ ಇನ್ಯಾರ ಪರವಾಗಿ ಕರೆದು ಬರ್ತೀರೋ!")

ಪುಷ್ಪಾವತಿಯಕ್ಕ ಬಾಗಿಲು ತೆರೆದು ಅಭ್ಯಾಸದಂತೆ, "ಯಾರು ಕಳಿಸಿದ್ದು?" ಎಂದರು.

"ಯಾರೂ ಇಲ್ಲ. ನಾನೇ ಬಂದದ್ದು," ಎಂದರು ಕಮಲಾಕ್ಷರು. ಮನೀಶನ ಹೆಂಡತಿಗೆಂದು ಒಂದು ಕವರನ್ನು ಮುಂದೆ ಹಿಡಿದರು. "ತಡವಾಯ್ತು ಅಕ್ಕ. ಇದು ನಮ್ಮದು."

ಪುಷ್ಪಾವತಿಯಕ್ಕ ಕವರು ತೆಗೆದುಕೊಂಡರು. ಒಳಗೆ ಹೋಗಿ ಕಾಫಿ ತಂದು ಕೈಗೆ ಕೊಟ್ಟು, "ಕುಡೀರಿ. ಇದು ನಿಮಗೇ," ಎಂದರು. ಬರುತ್ತೇನೆಂದು ಮಾತ್ರ ಹೇಳಲಿಲ್ಲ.

ಭಾನುವಾರ ಗಂಡಿನ ಕಡೆಯ ಬಸ್ಸುಗಳು ಮೊದಲೇ ಬಂದವು. ಅವರ ಬದಿ ಗಿಜಿಗುಟ್ಟುತ್ತಿತ್ತು. ಹೆಣ್ಣಿನ ಬದಿಯಲ್ಲಿ ವಸಂತಿ ಕುರ್ಚಿಗಳನ್ನು ಒಂದಕ್ಕೊಂದು ಎಷ್ಟು ದೂರ ಹಾಕಿಸಿದ್ದರೆಂದರೆ, ಪಕ್ಕದವರೊಡನೆ ಮಾತಾಡಲು ಫೋನ್ ಬೇಕಿತ್ತು. ಕಮಲಾಕ್ಷರು ಬಾಗಿಲಲ್ಲಿ ಗುಲಾಬಿ ನೀರು ಹಿಡಿದು ನಿಂತು, ಪ್ರತಿ ರಿಕ್ಷಾವನ್ನೂ ಕತ್ತು ಚಾಚಿ ನೋಡುತ್ತಿದ್ದರು. ಬಹಳ ಹೊತ್ತು ಯಾರೂ ಇಳಿಯಲಿಲ್ಲ. ಆಮೇಲೆ ಒಂದು ರಿಕ್ಷಾದಿಂದ ಪುಷ್ಪಾವತಿಯಕ್ಕ ಮಗ ಸೊಸೆಯೊಡನೆ ಇಳಿದರು, ಮೆಗಾಬ್ಲಾಕನ್ನು ಬೈಯುತ್ತಾ. ಹಿಂದೆಯೇ ಕಲ್ಯಾಣದವರು. ಕುಶಲ ಹೋಟೆಲಿನ ಅಂಗಿಯಲ್ಲೇ ಬಂದ, ಮೈಯಿಂದ ಸಾಂಬಾರಿನ ಪರಿಮಳ. "ನಾನೇ ಬಂದದ್ದು ಕಮಲಣ್ಣ, ಮುಟ್ಟಿ ನೋಡಿ!"

ವಸಂತಿ ಕುರ್ಚಿಗಳನ್ನು ಒಂದೊಂದಾಗಿ ಹತ್ತಿರಕ್ಕೆ ಎಳೆಸತೊಡಗಿದರು. ಕಮಲಾಕ್ಷರ ಎದೆ ಹಳೆಯ ಅಳತೆಗೆ ಹಿಗ್ಗಿತು. ಇಂದು ಅವರು ಯಾರ ಪ್ರತಿನಿಧಿಯೂ ಅಲ್ಲ. ಸ್ವತಃ ತಾವೇ.

ಆಗ ಹಿತೇಶನ ದೊಡ್ಡಪ್ಪ ಬಂದರು. ಮಾತುಕತೆಯ ದಿನ ಅವರು ಊರಲ್ಲಿರಲಿಲ್ಲವಾದ್ದರಿಂದ ಬೀಗರನ್ನು ನೋಡಿದವರಲ್ಲ. ಆದರೆ ಕಮಲಾಕ್ಷರನ್ನು ಕಂಡದ್ದೇ ಅವರ ಮುಖ ಅರಳಿತು.

"ಓಹೋ, ನೀವಾ! ನಮ್ಮ ಅತ್ತಿಗೆಯ ಉತ್ತರಕ್ರಿಯೆಗೆ ಯಾರದೋ ಪರವಾಗಿ ಬಂದಿದ್ರಲ್ಲ? ಎಷ್ಟು ಚೆಂದ ಬೇಜಾರು ಮಾಡಿದ್ರಿ ಮಾರಾಯ್ರೆ, ನಮ್ಮವರಿಗೂ ಹಾಗೆ ಆಗ್ಲಿಲ್ಲ! ಇವತ್ತು ಯಾರ ಪರವಾಗಿ?"

"ಹುಡುಗಿಯ ತಂದೆ," ಎಂದರು ಕಮಲಾಕ್ಷರು, ಎದೆಯ ಮೇಲೆ ಕೈಯಿಟ್ಟು.

ದೊಡ್ಡಪ್ಪನ ಮುಖ ಬಾಡಿತು. ಅವರು ಕಮಲಾಕ್ಷರ ಭುಜದ ಮೇಲೆ ಕೈಯಿಟ್ಟು ದನಿ ತಗ್ಗಿಸಿದರು. "ಪಾಪ! ಸ್ವಂತ ಮಗಳ ನಿಶ್ಚಿತಾರ್ಥಕ್ಕೂ ಬರ್ಲಿಕ್ಕೆ ಆಗ್ಲಿಲ್ವಾ ಅವರಿಗೆ?"

ಸಾಕ್ಷಿ ನುಡಿಯಲೆಂದು ಕಮಲಾಕ್ಷರು ಹೆಂಡತಿಯ ಕಡೆ ತಿರುಗಿದರು. ಕುರ್ಚಿ ಹಿಡಿದು ನಿಂತಿದ್ದ ವಸಂತಿ ಗಂಡನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು.

"ಎಂತ ಮಾಡುದು ಅಣ್ಣ," ಎಂದರು ನಿಟ್ಟುಸಿರಿಟ್ಟು. "ಭಾನುವಾರ ಅಲ್ವಾ? ಅವರಿಗೆ ಪುರುಸೊತ್ತಿರುದಿಲ್ಲ."