ಮಾಮಾನ ಸತ್ತ ತಂತಿಗಳು

ನಮ್ಮ ಮಾಮಾ ಗಿಟಾರ್ ಬಾರಿಸುತ್ತಾನೆ ಅನ್ನುವುದು ಸೋಲಾಪುರದ ಅರ್ಧ ಊರಿಗೆ ಗೊತ್ತಿರುವ ವಿಷಯ. ಆದರೆ ಅವನು ಒಂದು ಹಾಡನ್ನು ಮೊದಲಿನಿಂದ ಕೊನೆಯವರೆಗೆ ಬಾರಿಸಿದ್ದನ್ನು ಕೇಳಿದವರು ಯಾರಾದರೂ ಇದ್ದರೆ ಮುಂದೆ ಬರಲಿ, ಅವರಿಗೆ ನಾನೇ ಶಾಲು ಹೊದಿಸುತ್ತೇನೆ! ಮಾಮಾ ನಮಗೆ ಕಾಣುವುದು ಯಾವಾಗಲೂ ಒಂದೇ ಅವತಾರದಲ್ಲಿ. ಗಿಟಾರು ತೊಡೆಯ ಮೇಲೆ ಅಂಗಾತ ಮಲಗಿರುತ್ತದೆ, ಕನ್ನಡಕ ಮೂಗಿನ ತುದಿಗೆ ಇಳಿದಿರುತ್ತದೆ, ಹಲ್ಲಲ್ಲಿ ಒಂದು ತಂತಿ, ಕೈಯಲ್ಲಿ ಇಕ್ಕಳ.

"ಏನ್ ಮಾಡಾಕತ್ತಿ ಮಾಮಾ?" ಅಂದರೆ,

"ತಂತಿ ಸತ್ತಾವ. ಬದಲಿ ಮಾಡಾಕತ್ತೀನಿ" ಅನ್ನುತ್ತಾನೆ. ಮುಖದ ಮೇಲೆ ಸೂತಕದ ಮನೆಯ ಗಾಂಭೀರ್ಯ!

ಮಾಮಾ ಅಂದರೆ ನಮ್ಮ ಅವ್ವನ ತಮ್ಮ. ಸೋಲಾಪುರದಲ್ಲಿ ಚಾದರಿನ ಅಂಗಡಿ. ಹರೆಯದಲ್ಲಿ ಮುಂಬಯಿಗೆ ಚಾದರಿನ ಗಂಟು ಒಯ್ದವನು ಬರುವಾಗ ಗಿಟಾರು ಹೊತ್ತುಕೊಂಡು ಬಂದ. ಅಜ್ಜಿ ಅದನ್ನು ಹಿಂದೆ ಮುಂದೆ ತಿರುವಿ ನೋಡಿ, "ಇದಕ್ಕ ಕುಂಬಳಕಾಯಿ ಹಚ್ಚೂದು ಮರತಾರೇನೋ?" ಅಂದಳಂತೆ. ಅವಳಿಗೆ ಗೊತ್ತಿದ್ದದ್ದು ಕುಂಬಳಕಾಯಿ ಬುರುಡೆಯ ಭಜನೆ ತಂಬೂರಿ ಒಂದೇ.

ಗಿಟಾರಿನ ತಂತಿಯನ್ನು ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು? ಬಲ್ಲವರನ್ನು ಕೇಳಿದರೆ ಸರಳವಾಗಿ ಹೇಳುತ್ತಾರೆ: ದಿನಾ ಬಾರಿಸುವವರು ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ, ಆಗೀಗ ಬಾರಿಸುವವರು ಇನ್ನೂ ತಡವಾಗಿ, ಕೈ ಬೆವರುವವರು ಸ್ವಲ್ಪ ಬೇಗ. ತುಕ್ಕು ಹಿಡಿದರೆ, ದನಿ ಮಂಕಾದರೆ, ಶ್ರುತಿ ನಿಲ್ಲದಿದ್ದರೆ ಬದಲಿಸಿದರಾಯಿತು. ನಮ್ಮ ಮಾಮಾಗೆ ಇಷ್ಟು ಸರಳವಾದದ್ದು ಸೇರುವುದುಂಟೇ? ಅವನು ತನ್ನದೇ ಒಂದು ಶಾಸ್ತ್ರ ಕಟ್ಟಿಕೊಂಡಿದ್ದ. "ಸೋಲಾಪುರದ ಬಿಸಲಾಗ ಗ್ವಾಡಿನೂ ಬೆವರತಾವ. ಪಾಪ, ತಂತಿ ಎಷ್ಟಂತ ತಡಕೋತಾವ?" ಆ ಶಾಸ್ತ್ರದ ಪ್ರಕಾರ ಜಗತ್ತಿನಲ್ಲಿ ಇರುವುದು ಎರಡೇ ಜಾತಿ. ಬೆವರುವ ಕೈಯವರು, ಬೆವರದ ಕೈಯವರು.

ಈ ಶಾಸ್ತ್ರದಿಂದ ನನ್ನ ಮದುವೆಯೇ ಮುರಿದು ಬೀಳುವುದರಲ್ಲಿತ್ತು ಅಂದರೆ ನಂಬುತ್ತೀರಾ? ದುಧನಿಯಿಂದ ಕಾಳಿನ ವ್ಯಾಪಾರಿಗಳ ಮನೆಯವರು ನನ್ನನ್ನು ನೋಡಲು ಬಂದಿದ್ದರು. ಕಾರ್ಯಕ್ರಮ ಮಾಮಾನ ಮನೆಯಲ್ಲೇ. ಹುಡುಗ ಪೋಹೆ ತಿಂದು ತಟ್ಟೆ ಕೆಳಗಿಟ್ಟ. ಪಕ್ಕದಲ್ಲೇ ಗಿಟಾರು ಒರಗಿತ್ತು. ಸುಮ್ಮನೆ ಕೂರಲಾರದೆ ಒಂದು ತಂತಿ ಮೀಟಿದ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನಗೆ ಅದು ಸನಾದಿಯ ಹಾಗೆ ಕೇಳಿಸಿತು. ಮಾಮಾ ಮಾತ್ರ ಚೇಳು ಕಡಿದವರಂತೆ ಎದ್ದುಬಿಟ್ಟ!

"ಕೈ ತೊಳಕೊಂಡಿದ್ರೇನ್ರಿ?"

"ಇಲ್ರಿ..."

"ನಿಮ್ಮ ಕೈ ಬೆವರತಾವೇನ್ರಿ?"

ಹುಡುಗನ ತಾಯಿಗೆ ಗಾಬರಿ. "ಯಾಕ್ರಿ ಹಿಂಗ ಕೇಳತೀರಿ? ಅದೇನ್ ಬ್ಯಾನಿ ಏನ್ರಿ? ನಮ್ಮ ಮನಿತನದಾಗ ಯಾರಿಗೂ ಏನೂ ಇಲ್ರಿ!"

ಹುಡುಗ ಅಂಗೈ ನೋಡಿಕೊಂಡು ಮೆಲ್ಲಗೆ ಹೇಳಿದ: "ಇಷ್ಟೊತ್ತು ಬೆವರತಿರಲಿಲ್ರಿ. ನೀವು ಕೇಳಿದ ಮ್ಯಾಲೆ ಬೆವರಾಕತ್ತಾವ."

ಬಾಗಿಲ ಹಿಂದೆ ನಾನು ನಕ್ಕಿದ್ದು ಪಡಸಾಲೆಗೆಲ್ಲ ಕೇಳಿಸಿತು. ಮಾಮಾ ನಗಲಿಲ್ಲ. ಬೀಗರಾಗಬೇಕಾದವರ ಎದುರಿಗೇ ಆರೂ ತಂತಿ ಬಿಚ್ಚಿ ಹೊಸವನ್ನು ಹಾಕಲು ಕೂತ. ಹುಡುಗನೂ ಬಿಡಲಿಲ್ಲ. ಕೈ ತೊಳೆದು ಬಂದು ತಂತಿಯ ಇನ್ನೊಂದು ತುದಿ ಹಿಡಿದುಕೊಂಡ. ಅವರಿಬ್ಬರೂ ತಂತಿ ಬಿಗಿದು ಮುಗಿಸುವಷ್ಟರಲ್ಲಿ ಒಳಗೆ ಹೆಂಗಸರು ಮಾತು ಪಕ್ಕಾ ಮಾಡಿಬಿಟ್ಟಿದ್ದರು! ಆ ಹುಡುಗನೇ ಈಗ ನಮ್ಮ ಮನೆಯವರು, ಇವತ್ತಿಗೂ ಮಾಮಾನ ಮನೆಗೆ ಹೋದರೆ ಮೊದಲು ಕೈ ತೊಳೆಯುತ್ತಾರೆ, ಆಮೇಲೆ ಹಿರಿಯರಿಗೆ ನಮಸ್ಕಾರ.

ಇನ್ನು ಬಿಚ್ಚಿದ ತಂತಿಗಳ ಗತಿ? ಅದು ಮಾಮಿಯ ಖಾತೆ. ದಪ್ಪ ತಂತಿಯ ಮೇಲೆ ಕರವಸ್ತ್ರಗಳು ಒಣಗುತ್ತವೆ. ಸಣ್ಣ ತಂತಿಯಿಂದ ಕೊಬ್ಬರಿ ವಡಿ ಕೊಯ್ಯುತ್ತಾಳೆ, ಎಂಥ ಸಾಫ್ ಕೊಯ್ಯುತ್ತದೆ ಅಂತೀರಿ! ಹಿತ್ತಲಿನ ಹೀರೇಬಳ್ಳಿ ಹತ್ತಿದ್ದೂ ತಂತಿಯ ಮೇಲೆಯೇ. ಆದರೆ ಮಾಮಾ ಕತ್ತರಿಸಿ ಚೆಲ್ಲುವ ತುಂಡುಗಳು ಮಾತ್ರ ಯಾರ ಕಾಲನ್ನೂ ಬಿಟ್ಟಿಲ್ಲ. "ನಮ್ಮ ಮನ್ಯಾಗ ಜಾಲಿಗಿಡ ಇಲ್ಲ, ಆದ್ರೂ ಮುಳ್ಳ ಮುರೀತಾವ ನೋಡ್ರಿ" ಎಂದು ಮಾಮಿ ಬಂದವರಿಗೆಲ್ಲ ಚಹಾಕ್ಕಿಂತ ಮೊದಲು ಚಪ್ಪಲಿ ಕೊಡುತ್ತಾಳೆ.

ಮಾಮಿಯ ತವರು ಅಕ್ಕಲಕೋಟ. ಅವರ ಮನೆಯಲ್ಲಿ ಗುರುವಾರದ ಭಜನೆ ಜೋರು. ಒಂದು ಸಲ ಅಳಿಯದೇವರು ಗಿಟಾರು ಬಾರಿಸುತ್ತಾರೆ ಎಂದು ಓಣಿಯೆಲ್ಲ ಸುದ್ದಿಯಾಯಿತು. ಜನ ಬಾಗಿಲಾಚೆಯವರೆಗೆ ಕೂತರು. ಹಾರ್ಮೋನಿಯಂ ಪೇಟಿಯವನು ಸ್ವರ ಹಿಡಿದ, ತಬಲಾದವನು ಸುತ್ತಿಗೆ ಕೆಳಗಿಟ್ಟ. ಮಾಮಾ ಒಂದು ಸಲ ಮೀಟಿದ. ತಲೆ ಅಲ್ಲಾಡಿಸಿದ. ಇಕ್ಕಳ ಹೊರಗೆ ಬಂತು!

"ಒಂದ ಮಿನಿಟ್ರಿ, ತಂತಿ ಸತ್ತಾವ."

ಹೊಸ ತಂತಿಗೆ ಒಂದು ಕೆಟ್ಟ ಚಾಳಿ. ಬಿಗಿದಷ್ಟೂ ಸಡಿಲಾಗುತ್ತಾ ಹೋಗುತ್ತದೆ. ಮಾಮಾ ಬಿಗಿದ, ಅದು ಇಳಿಯಿತು, ಮತ್ತೆ ಬಿಗಿದ, ಮತ್ತೆ ಇಳಿಯಿತು. ಜನ ಎಷ್ಟೆಂದು ಕಾದಾರು? ಭಜನೆ ಶುರುವಾಯಿತು, ಮುಗಿಯಿತು, ಆರತಿಯೂ ಆಯಿತು. "ಹಾಂ, ಈಗ ಹತ್ತಿತು ನೋಡ್ರಿ!" ಎಂದು ಮಾಮಾ ತಲೆ ಎತ್ತಿದಾಗ ಎದುರಿಗೆ ಪ್ರಸಾದದ ದೊನ್ನೆ ಹಿಡಿದ ಒಬ್ಬ ಮುದುಕಿ ಮಾತ್ರ ಉಳಿದಿದ್ದಳು. ಅವಳೂ ಎದ್ದುಹೋಗುತ್ತಿದ್ದಳೇನೋ, ಮೊಣಕಾಲು ಹಿಡಿದಿದ್ದರಿಂದ ಕೂತಿದ್ದಳು.

ಇಷ್ಟರಲ್ಲೇ ಇದ್ದಿದ್ದರೆ ನಗೆಯಲ್ಲೇ ಮುಗಿಯುತ್ತಿತ್ತು. ಆದರೆ ಮೊದಲು ಹಬ್ಬಕ್ಕೊಮ್ಮೆ ಸಾಯುತ್ತಿದ್ದ ತಂತಿಗಳು ಬರಬರುತ್ತಾ ಅಮಾವಾಸ್ಯೆಗೊಮ್ಮೆ ಸಾಯತೊಡಗಿದವು. ಆಮೇಲೆ ವಾರಕ್ಕೊಮ್ಮೆ. ಈ ವರ್ಷವಂತೂ ಬೆಳಿಗ್ಗೆ ಹುಟ್ಟಿದ್ದು ಸಂಜೆಗೆ ಗೊಟಕ್! ಮಾಮಾ ಮೊದಲು ಕಂಪನಿಯನ್ನು ಬೈದ, "ಮಾಲು ಮೊದಲಿನಂಗ ಇಲ್ಲ." ಆಮೇಲೆ ಹವೆಯನ್ನು ಬೈದ. ಕೊನೆಗೆ ಮಾಮಿಯ ಒಗ್ಗರಣೆಯ ಮೇಲೆ ಬಂದ. ಸಾಸಿವೆ ಹೊಗೆ ತಂತಿಗೆ ಹತ್ತುತ್ತದಂತೆ! "ಹಂಗಿದ್ರ ನಾಳಿಂದ ಬರೇ ಕುದಿಸಿದ ಬ್ಯಾಳಿ ಕುಡೀರಿ" ಎಂದಳು ಮಾಮಿ. ಒಗ್ಗರಣೆಯ ವಿಷಯ ಅಲ್ಲಿಗೆ ನಿಂತಿತು.

ಒಂದು ದಿನ ಮಾಮಾ ಜಗಳ ಮಾಡಿಯೇ ತೀರುತ್ತೇನೆಂದು ವಾದ್ಯದ ಅಂಗಡಿಗೆ ಹೊರಟ. ಹೊಡೆದಾಟ ಗಿಡೆದಾಟ ಆದೀತೆಂದು ನಮ್ಮ ಮನೆಯವರೂ ಜೊತೆಗೆ ಹೋದರು. ಅಂಗಡಿಯವನು ಮರಾಠಿಯವನು, ಸಮಾಧಾನದ ಮನುಷ್ಯ. ಹಿಂದಿನ ದಿನವಷ್ಟೇ ಹಾಕಿದ್ದ ತಂತಿಗಳನ್ನು ನೋಡಿ, "ಕಾಕಾ, ಹ್ಯಾ ತರ ನವೀನ್ ಆಹೇತ!" ಅಂದ. ಅಂದರೆ, ಇವು ಹೊಸವೇ ಇವೆಯಲ್ಲ ಎಂದು! ಮಾಮಾ ಒಪ್ಪಲಿಲ್ಲ. ಅಂಗಡಿಯವನು ಅವನ ಕಣ್ಣೆದುರಿಗೇ ಅಂಗಡಿಯಲ್ಲಿದ್ದ ಒಳ್ಳೆಯ ಮಾಲಿನ ಪಾಕೀಟು ಒಡೆದು, ತಂತಿ ಬಿಗಿದು, ಮೀಟಿದ. ಝಣ್ ಎಂದು ಅಂಗಡಿಯೆಲ್ಲ ಮಿಂಚಿದ ಹಾಗಾಯಿತಂತೆ.

ಮಾಮಾ ಗಿಟಾರಿನ ಮಗ್ಗುಲಿಗೆ ಕಿವಿ ಇಟ್ಟು ಕೇಳಿದ. "ಇದೂ ಸತ್ತೈತಿ" ಅಂದ.

ಅಂಗಡಿಯವನು ನಮ್ಮ ಮನೆಯವರ ಮುಖ ನೋಡಿದ. ಇವರು ಅವನ ಮುಖ ನೋಡಿದರು.

ಕಿವಿ ತೋರಿಸೋಣ ಅಂದರೆ ಮಾಮಾ ಬರುತ್ತಾನೆಯೇ? ಇವರು ಒಂದು ಉಪಾಯ ಹೂಡಿದರು. "ಮಾಮಾ, ತಂತಿ ಮಷೀನಿಗೆ ಹಚ್ಚಿ ತಪಾಸ ಮಾಡೋ ಡಾಕ್ಟರು ಒಬ್ರು ಅದಾರ, ನಡೀರಿ" ಅಂದರು. ಮಾಮಾ ಗಿಟಾರು ಹೆಗಲಿಗೇರಿಸಿಕೊಂಡು ಕಾರಿನ ಹತ್ತಿರ ನಮಗಿಂತ ಮೊದಲು ನಿಂತಿದ್ದ! ಕಿವಿ ಡಾಕ್ಟರ ದವಾಖಾನೆಯಲ್ಲಿ ಗಿಟಾರನ್ನು ಮಡಿಲಲ್ಲಿಟ್ಟುಕೊಂಡು ಸರದಿಗೆ ಕಾಯುವ ಪೇಶಂಟನ್ನು ಜನ ಎಷ್ಟು ಪ್ರೀತಿಯಿಂದ ನೋಡುತ್ತಾರೆ, ಗೊತ್ತೇ?

ಡಾಕ್ಟರು ಹೆಂಗಸು, ನಮ್ಮ ಕಡೆಯವರ ಬಾಯಲ್ಲಿ ಡಾಕ್ಟರ್ ಬಾಯಿ, ಬಲು ಜಾಣೆ. ಮೊದಲು ಗಿಟಾರು ಮೀಟಿ, "ಇದಕ್ಕೇನೂ ಆಗಿಲ್ರಿ. ಈಗ ನಿಮ್ಮನ್ನ ನೋಡೂಣ" ಎಂದು ಮಾಮಾನನ್ನು ಗಾಜಿನ ಕೋಣೆಯಲ್ಲಿ ಕೂರಿಸಿದರು. ಹೊರಗೆ ಬಂದ ಮೇಲೆ ಹೇಳಿದರು: "ದಪ್ಪ ಸಪ್ಪಳ ನಿಮಗ ಕೇಳಸ್ತಾವ. ಸಣ್ಣ, ಚೂಪ ಸಪ್ಪಳ ವರ್ಷಾ ವರ್ಷಾ ಕಡಿಮಿ ಆಗಕೋತ ಬಂದಾವ. ಹೊಸ ತಂತಿಯ ಝಣ್ ಅನ್ನೂದು ಆ ಸಣ್ಣ ಸಪ್ಪಳದಾಗ ಇರತೈತ್ರಿ."

ಮಾಮಾ ಗಿಟಾರಿನ ಕುತ್ತಿಗೆ ಸವರಿದ. ಆಮೇಲೆ ಕೇಳಿದ: "ಕಿವ್ಯಾನ ತಂತಿ ಬದಲಿ ಮಾಡಾಕ ಬರತೈತೇನ್ರಿ?"

ನಗಬೇಕೋ ಬೇಡವೋ ತಿಳಿಯದೆ ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

"ಅದು ಬರೂದಿಲ್ರಿ" ಅಂದರು ಡಾಕ್ಟರ್ ಬಾಯಿ. "ಮಷೀನ್ ಹಾಕಾಕ ಬರತೈತಿ."

ಮಷೀನು ತಯಾರಾಗಿ ಬಂದ ದಿನ ಮಾಮಿ ಅಕ್ಕಲಕೋಟದಲ್ಲಿದ್ದಳು, ಅಣ್ಣನ ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆ. ಮಾಮಾನ ಎರಡೂ ಕಿವಿಗೆ ಮಷೀನು ಹಾಕಿಸಿ, ಅಲ್ಲಿಂದಲೇ ಅವಳನ್ನು ಕರೆತರಲು ಹೊರಟೆವು. ಕಾರು ತಿರುಗಿದ್ದೇ ತಡ, ಮಾಮಾ ಬೆಚ್ಚಿಬಿದ್ದ. "ಇದೇನ್ ಟಿಕ್ ಟಿಕ್? ನಿನ್ನ ಗಾಡಿ ಕೆಟ್ಟೈತಿ, ನಿಂದ್ರಸು!" "ಇಂಡಿಕೇಟರ್ ರೀ ಮಾಮಾ, ಅದು ಹುಟ್ಟಿದಾಗಿಂದ ಹಂಗ ಬಡಕೋತೈತಿ" ಅಂದರು ಇವರು. ಊರು ದಾಟಿದ ಮೇಲೆ ಮಾಮಾ ಹಿಂದಿನ ಸೀಟಿನಲ್ಲಿ ಗಿಟಾರು ತೆಗೆದು, ಹೋದ ವಾರವೇ ಸತ್ತವು ಎಂದು ತಾನೇ ಸಾರಿದ್ದ ತಂತಿಗಳ ಮೇಲೆ ಹೆಬ್ಬೆರಳು ಎಳೆದ. ಥಟ್ಟನೆ ಕೈ ಹಿಂದೆ ತೆಗೆದ.

"ಎವ್ವಾ! ಎಷ್ಟು ಜೀವ ಐತಿ ಇವಕ್ಕ! ಜೀವ ಇದ್ದದ್ದನ್ನೆಲ್ಲಾ ಮಣ್ಣ ಮಾಡೀನಲ್ಲೋ!"

ಅಕ್ಕಲಕೋಟ ಮುಟ್ಟಿದಾಗ ಮಧ್ಯಾಹ್ನ. ಮಾಮಾ ಪಡಸಾಲೆಯ ಮಂಚದ ಮೇಲೆ ಕೂತ. ಮಾಮಿಗೆ ಮಷೀನಿನ ಸುದ್ದಿ ಇನ್ನೂ ಹೇಳಿರಲಿಲ್ಲ. ಅವಳು ಒಳಗಿನಿಂದ, ಈಚಿನ ವರ್ಷಗಳಲ್ಲಿ ರೂಢಿಯಾಗಿಹೋದ ದನಿಯಲ್ಲಿ, ಓಣಿಯ ಕೊನೆಗೆ ಮುಟ್ಟುವ ಹಾಗೆ ಕೂಗಿದಳು: "ಚಹಾ ಕುಡೀತೀರೇನ್ರೀ!" ಆ ದನಿಯಿಂದ ಹೊರಗಿನವರು ಅವಳನ್ನು ಜಗಳಗಂಟಿ ಅಂದುಕೊಂಡಿದ್ದೂ ಉಂಟು.

"ಯಾಕ ಒದರತಿ? ಇಲ್ಲೇ ಅದೀನಲ್ಲ" ಅಂದ ಮಾಮಾ.

ಮಾಮಿ ಹೊರಗೆ ಬಂದಳು. ಕೈಯಲ್ಲಿ ಚಹಾ ಸೋಸುವ ಜಾಲರಿ ಹಾಗೇ ಇತ್ತು. ಅವನ ಕಿವಿಗಳನ್ನು ನೋಡಿದಳು, ನಮ್ಮನ್ನು ನೋಡಿದಳು, ಮತ್ತೆ ಅವನನ್ನು ನೋಡಿದಳು. ಹತ್ತಿರ ಹೋಗಿ, ತುಟಿ ಅಲುಗಿತೋ ಇಲ್ಲವೋ ಅನ್ನುವ ಹಾಗೆ ಏನೋ ಅಂದಳು. ಎರಡು ಹೆಜ್ಜೆಯಾಚೆ ಕೂತಿದ್ದ ನನಗೆ ಒಂದಕ್ಷರವೂ ಕೇಳಿಸಲಿಲ್ಲ.

ಮಾಮಾಗೆ ಕೇಳಿಸಿತು. "ಹೂಂ" ಅಂದ. ಕನ್ನಡಕ ತೆಗೆದು ಅಂಗಿಯ ಚುಂಗಿಗೆ ಒರೆಸಿಕೊಂಡ. ಆಮೇಲೆ ಗಿಟಾರನ್ನು ಗೋಡೆಗೆ ಒರಗಿಸಿ, ಮಂಚದ ಮೇಲೆ ಸರಿದು ಅವಳಿಗೆ ಜಾಗ ಮಾಡಿದ.